ಉಷ್ಣವೂ ಅಲ್ಲ, ಊನವೂ ಅಲ್ಲ

ಮುಂಬಯಿಯ ತುಳು-ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ವೈದ್ಯಕೀಯ ಶಿಬಿರಗಳಿಗೆ ಬರವಿಲ್ಲ. ಜಾತೀಯ ಸಂಘವಿರಲಿ, ಊರಿನ ಹೆಸರಿನ ಸಂಘವಿರಲಿ, ಉಪನಗರದ ಭಜನಾ ಮಂಡಳಿಯಿರಲಿ, ವರ್ಷಕ್ಕೊಂದು ಭಾನುವಾರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣು, ಹಲ್ಲು ಎಂದು ತಪಾಸಣೆ ಜರಗುತ್ತದೆ. ಮಹಿಳಾ ವಿಭಾಗದವರು ಸ್ತನ ಕ್ಯಾನ್ಸರಿನ ಕುರಿತು ವೈದ್ಯರನ್ನು ಕರೆಸಿ ಉಪನ್ಯಾಸ ಏರ್ಪಡಿಸುತ್ತಾರೆ. ಇದು ಸ್ತುತ್ಯರ್ಹ. ಆದರೆ ಅರುವತ್ತು ದಾಟಿದ ಗಂಡಸರನ್ನು ಕಾಡುವ ಪ್ರಾಸ್ಟೇಟ್ ಕ್ಯಾನ್ಸರಿನ ಬಗ್ಗೆ ಈ ವೇದಿಕೆಗಳಲ್ಲಿ ಮಾತು ಕೇಳಿಬರುವುದು ಬಲು ಅಪರೂಪ. ಅದಕ್ಕೆ ಕೊಡುವ ಹಾರ್ಮೋನ್ ಇಂಜೆಕ್ಷನ್ ನಂತರ ದೇಹದಲ್ಲಿ, ಮನಸ್ಸಿನಲ್ಲಿ, ಮನೆಯಲ್ಲಿ ಏನಾಗುತ್ತದೆ ಎಂಬುದನ್ನಂತೂ ಯಾರೂ ಎತ್ತುವುದಿಲ್ಲ.

ಕ್ಯಾನ್ಸರ್ ಎಂಬ ದೊಡ್ಡ ಹೆಸರನ್ನು ಧೈರ್ಯದಿಂದ ಕೇಳಿಸಿಕೊಂಡ ಹಿರಿಯರು ಈ ಇಂಜೆಕ್ಷನ್‌ನ ರಿಯಾಕ್ಷನ್‌ಗಳ ಎದುರು ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಾರೆ. ಹೆಂಡತಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಕೊನೆಗೆ ಕೆಲವರು ಇಂಜೆಕ್ಷನ್‌ನ ತಾರೀಕನ್ನೇ ತಪ್ಪಿಸಿಬಿಡುತ್ತಾರೆ. ರೋಗಕ್ಕೆ ಮದ್ದಿದೆ, ಮದ್ದಿನಿಂದಾಗುವ ತೊಂದರೆಗಳಲ್ಲಿ ಹೆಚ್ಚಿನವಕ್ಕೂ ಪರಿಹಾರವಿದೆ. ಆದರೆ ಹೇಳದೆ ಉಳಿದ ತೊಂದರೆಗೆ ಯಾವ ವೈದ್ಯನೂ ಚೀಟಿ ಬರೆಯಲಾರ.

ಇಂಜೆಕ್ಷನ್ ಮಾಡುವ ಕೆಲಸ

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಪುಟ್ಟ ಗ್ರಂಥಿ. ಅಲ್ಲಿ ಹುಟ್ಟುವ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ. ಆ ಬಲವನ್ನು ತೆಗೆದರೆ ರೋಗ ಕುಗ್ಗುತ್ತದೆ ಎಂಬುದನ್ನು ಶಿಕಾಗೋ ವಿಶ್ವವಿದ್ಯಾಲಯದ ಡಾ. ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆದುದೂ ಅದೇ ವರ್ಷ. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಾರ್ಮೋನುಗಳಿಗೆ ಮಿದುಳಿನಿಂದ ಹೊರಡುವ ಆದೇಶದ ರಹಸ್ಯವನ್ನು ಬಿಡಿಸಿದ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಮ್ಯಾ ಅವರಿಗೆ 1977ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇಂದಿನ ಲ್ಯುಪ್ರೊಲೈಡ್, ಗೋಸೆರೆಲಿನ್, ಟ್ರಿಪ್ಟೊರೆಲಿನ್ ಇಂಜೆಕ್ಷನ್‌ಗಳು ಆ ಸಂಶೋಧನೆಯ ಫಲ.

ಇದರ ಕ್ರಮವನ್ನು ಒಂದು ಕಚೇರಿಗೆ ಹೋಲಿಸಬಹುದು. ಹೆಡ್ ಆಫೀಸಿನಿಂದ, ಎಂದರೆ ಮಿದುಳಿನಿಂದ, ವೃಷಣಗಳೆಂಬ ಬ್ರಾಂಚಿಗೆ ಹಾರ್ಮೋನು ತಯಾರಿಸುವ ಆದೇಶ ಬರುತ್ತಿರುತ್ತದೆ. ಈ ಇಂಜೆಕ್ಷನ್ ಎಡೆಬಿಡದೆ ನಕಲಿ ಆದೇಶ ಕಳುಹಿಸುತ್ತದೆ. ಮೊದಲ ಒಂದೆರಡು ವಾರ ಬ್ರಾಂಚು ದುಪ್ಪಟ್ಟು ಕೆಲಸ ಮಾಡಿ, ಆಮೇಲೆ ನಡುವಿನ ವ್ಯವಸ್ಥೆಯೇ ದಣಿದು ಕೆಲಸ ನಿಲ್ಲುತ್ತದೆ. ಆರಂಭದ ಆ ದುಪ್ಪಟ್ಟು ಕೆಲಸದಿಂದ ತೊಂದರೆಯಾಗದಿರಲಿ ಎಂದೇ ವೈದ್ಯರು ಸಾಮಾನ್ಯವಾಗಿ ಬೈಕಾಲುಟಮೈಡ್‌ನಂಥ ಮಾತ್ರೆಯನ್ನು ಮೊದಲ ಕೆಲವು ವಾರ ಜೊತೆಗೆ ಕೊಡುತ್ತಾರೆ. ಡೆಗರೆಲಿಕ್ಸ್ ಎಂಬ ಇನ್ನೊಂದು ಬಗೆಯ ಇಂಜೆಕ್ಷನ್ ಆದೇಶವನ್ನು ನೇರವಾಗಿ ತಡೆಯುವುದರಿಂದ ಅದರಲ್ಲಿ ಈ ಆರಂಭದ ಏರಿಕೆ ಇರುವುದಿಲ್ಲ. ಆದರೆ ಅದನ್ನು ಚುಚ್ಚಿದ ಜಾಗದಲ್ಲಿ ನೋವು, ಕೆಂಪು, ಊತ ಹೆಚ್ಚು ಮಂದಿಗೆ ಕಾಣಿಸುತ್ತದೆ. ಮೊದಲ ಸಲ ಚಳಿ-ಜ್ವರವೂ ಬರಬಹುದು.

ಚುಚ್ಚಿದ ಜಾಗದ ನೋವು ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ. ತಣ್ಣೀರಿನ ಬಟ್ಟೆ ಇಡಬಹುದು, ತಿಕ್ಕಬಾರದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಚುಚ್ಚುವ ಮೊದಲೇ ನರ್ಸಿಗೆ ತಿಳಿಸಬೇಕು. ಇವೆಲ್ಲ ಕಣ್ಣಿಗೆ ಕಾಣುವ ರಿಯಾಕ್ಷನ್‌ಗಳಾದುದರಿಂದ ಹೇಳಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ಕಾಣದವುಗಳದ್ದೇ ಕಷ್ಟ.

ಮನೆಯವರು ‘ಉಷ್ಣ’ ಎನ್ನುತ್ತಾರೆ

ಹಾರ್ಮೋನು ಇಳಿದ ಕೆಲವು ವಾರಗಳಲ್ಲಿ ಬಹುಪಾಲು ಮಂದಿಗೆ ಬಿಸಿಯ ಅಲೆ ಶುರುವಾಗುತ್ತದೆ. ಎದೆಯಿಂದ ಮುಖಕ್ಕೆ ಝಗ್ಗನೆ ಬಿಸಿ ಏರಿ, ಬನಿಯನ್ ಒದ್ದೆಯಾಗುವಷ್ಟು ಬೆವತು, ಸ್ವಲ್ಪ ಹೊತ್ತಿನಲ್ಲಿ ಚಳಿ ಹಿಡಿಸುತ್ತದೆ. ಹಗಲಲ್ಲಿ ಹಲವು ಬಾರಿ, ರಾತ್ರಿ ನಿದ್ದೆಯ ನಡುವೆಯೂ ಇದು ಬರಬಹುದು. ಮನೆಯವರು ‘ಉಷ್ಣ ಆಗಿದೆ’ ಎಂದು ಎಳನೀರು, ಕೊತ್ತಂಬರಿ ಕಷಾಯ, ಪುನರ್ಪುಳಿ ಶರಬತ್ತು ಕೊಡುತ್ತಾರೆ. ಪ್ರೀತಿಯಿಂದ ಕೊಟ್ಟದ್ದನ್ನು ಕುಡಿಯಲು ಅಡ್ಡಿಯಿಲ್ಲ, ಸಕ್ಕರೆ ಕಾಯಿಲೆಯವರು ಸಿಹಿಯ ಬಗ್ಗೆ ಎಚ್ಚರವಿದ್ದರೆ ಸಾಕು. ಆದರೆ ಇದು ತಿಂದ ಆಹಾರದಿಂದ ಬಂದ ಉಷ್ಣವಲ್ಲ. ಹಾರ್ಮೋನು ಇಳಿದಾಗ ಮಿದುಳಿನಲ್ಲಿ ದೇಹದ ಶಾಖವನ್ನು ನೋಡಿಕೊಳ್ಳುವ ಭಾಗ ಗೊಂದಲಕ್ಕೆ ಬೀಳುವುದರಿಂದ ಹೀಗಾಗುತ್ತದೆ.

ಸುಡುಸುಡು ಚಹಾ, ಖಾರದ ಪದಾರ್ಥ, ಮದ್ಯ, ಗಾಳಿಯಾಡದ ಕೋಣೆ ಇವು ಅಲೆಯನ್ನು ಕೆರಳಿಸಬಹುದು. ಹತ್ತಿಯ ಬಟ್ಟೆ, ಕೈಯಲ್ಲೊಂದು ಟವೆಲು, ಚೀಲದಲ್ಲಿ ತಣ್ಣೀರಿನ ಬಾಟಲಿ, ಲೋಕಲ್ ಟ್ರೇನಿನಲ್ಲಿ ಸಾಧ್ಯವಾದರೆ ಕಿಟಕಿಯ ಬದಿ, ಹಿರಿಯ ನಾಗರಿಕರ ಸೀಟು ಇಷ್ಟರಿಂದಲೇ ಹಲವರಿಗೆ ಸುಧಾರಿಸಿಕೊಂಡು ಹೋಗಲು ಆಗುತ್ತದೆ. ನಿದ್ದೆಯೇ ಕೆಡುವಷ್ಟು ತೀವ್ರವಾದರೆ ಅಲೆಯನ್ನು ತಗ್ಗಿಸುವ ಮಾತ್ರೆಗಳಿವೆ. ಅವನ್ನು ವೈದ್ಯರೇ ಬರೆದುಕೊಡಬೇಕು. ಕೇಳಿದರೆ ತಾನೇ ಅವರು ಬರೆಯುವುದು?

ಈ ವಿಷಯದಲ್ಲಿ ಮನೆಯೊಳಗೇ ಒಬ್ಬರು ಅನುಭವಸ್ಥರಿದ್ದಾರೆ ಎಂಬುದು ಹೆಚ್ಚಿನ ಗಂಡಸರಿಗೆ ಹೊಳೆಯುವುದೇ ಇಲ್ಲ. ಮುಟ್ಟು ನಿಲ್ಲುವ ಪ್ರಾಯದಲ್ಲಿ ಅನೇಕ ಹೆಂಗಸರು ಇದೇ ಬಿಸಿಯನ್ನು, ಇದೇ ಬೆವರನ್ನು, ಕಾರಣವಿಲ್ಲದ ಇದೇ ಅಳು-ಸಿಡುಕನ್ನು ಗ್ಯಾಸ್ ಒಲೆಯ ಮುಂದೆ ನಿಂತೇ ಅನುಭವಿಸಿದವರು. ಅಂದು ಅವರಿಗಾಗಿ ಫ್ಯಾನು ಹಾಕಿದವರು ಕಡಿಮೆ, ಏನಾಗುತ್ತಿದೆ ಎಂದು ಕೇಳಿದವರು ಇನ್ನೂ ಕಡಿಮೆ. ಗಂಡನಿಗೆ ಈಗ ಆಗುತ್ತಿರುವುದು ಏನೆಂದು ಅರ್ಥಮಾಡಿಕೊಳ್ಳಬಲ್ಲ ವ್ಯಕ್ತಿ ಪಕ್ಕದಲ್ಲೇ ಮಲಗಿರುವಾಗ, ಆತ ಗೋಡೆಯ ಕಡೆ ತಿರುಗಿ ಒಬ್ಬನೇ ಬೆವರುವುದರಲ್ಲಿ ಅರ್ಥವಿಲ್ಲ.

ಹೇಳದೆ ಉಳಿದುದರ ಬೆಲೆ

ಡೊಂಬಿವಲಿಯ ಕಡೆಯ ಒಂದು ಕುಟುಂಬದ ಕತೆ ಇಲ್ಲಿ ಹೇಳತಕ್ಕದ್ದು. ಮನೆಯ ಯಜಮಾನರಿಗೆ ಅರುವತ್ತೆಂಟು, ಹೋಟೇಲಿನ ಗಲ್ಲಾದಲ್ಲಿ ಕೂತು ಸಂಸಾರ ದಡ ಸೇರಿಸಿದವರು. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಆಗುತ್ತಿತ್ತು. ರಾತ್ರಿಯ ಬೆವರಿನಿಂದ ನಾಚಿ ಅವರು ಹಾಲಿನಲ್ಲಿ ಚಾಪೆ ಹಾಕಿ ಮಲಗತೊಡಗಿದರು. ತನ್ನ ಮೇಲೆ ಏನೋ ಕೋಪವಿರಬೇಕೆಂದು ಹೆಂಡತಿ ಕೊರಗಿದರು. ಫ್ಯಾನು ಜೋರು ಮಾಡುವ, ಸಣ್ಣದು ಮಾಡುವ ವಿಷಯದಲ್ಲಿ ಸೊಸೆಯೊಡನೆ ಮಾತು ನಿಂತಿತು. ಊರಲ್ಲಿ ನೇಮವಿದೆ ಎಂದು ಹೋದವರು ಇಂಜೆಕ್ಷನ್‌ನ ದಿನ ಕಳೆದು ಎರಡು ತಿಂಗಳಾದರೂ ಮರಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಿಎಸ್‌ಎ ಏರಿತ್ತು. ವೈದ್ಯರು ಕೇಳಿದಾಗ ‘ಮರೆತುಹೋಯಿತು’ ಎಂದಷ್ಟೇ ಉತ್ತರ, ಏಕೆಂದರೆ ಮಾತು ಹಿಂದಿಯಲ್ಲಿ ನಡೆದಿತ್ತು ಮತ್ತು ಮಗ ಪಕ್ಕದಲ್ಲೇ ನಿಂತಿದ್ದ. ಕಾರ್ಕಳದ ಕಡೆಯ ನರ್ಸೊಬ್ಬರು ಮಗನನ್ನು ಮದ್ದು ತರಲು ಕಳುಹಿಸಿ, ‘ಎಂಚ ಉಲ್ಲರ್ ಅಣ್ಣೆರೆ?’ ಎಂದು ತುಳುವಿನಲ್ಲಿ ಕೇಳಿದ ಮೇಲೆ ಎಲ್ಲವೂ ಹೊರಬಂತು.

ಇಲ್ಲಿ ತಪ್ಪು ಯಾರದೂ ಅಲ್ಲ. ಆದರೆ ಮುಂಬಯಿಯ ಕನ್ನಡಿಗರಿಗೆ ಇರುವ ಒಂದು ವಿಶೇಷ ತೊಡಕು ಇದರಲ್ಲಿ ಕಾಣುತ್ತದೆ. ವ್ಯವಹಾರದ ಹಿಂದಿ, ಮರಾಠಿ ಹಿರಿಯರಿಗೆ ಚೆನ್ನಾಗಿ ಬರುತ್ತದೆ, ಗಿರಾಕಿಯೊಡನೆ, ಮುನಿಸಿಪಾಲಿಟಿಯವರೊಡನೆ ಗಟ್ಟಿಯಾಗಿ ವಾದಿಸಬಲ್ಲರು. ಆದರೆ ‘ಆಸೆ ಇಲ್ಲವಾಗಿದೆ’, ‘ಸುಮ್ಮಸುಮ್ಮನೆ ಅಳು ಬರುತ್ತದೆ’ ಎಂಬುದನ್ನು ಹೇಳಲು ಆ ಭಾಷೆಯಲ್ಲಿ ಅವರಿಗೆ ಮಾತಿಲ್ಲ. ದುಭಾಷಿಯಾಗಿ ಬರುವವರು ಮಗ, ಮಗಳು, ಅಳಿಯ. ಅವರೆದುರು ತಂದೆಯಾದವನು ಇಂಥದನ್ನು ಆಡುವುದೆಂತು? ಹಾಗಾಗಿ ‘ಸಬ್ ಠೀಕ್ ಹೈ’ ಎಂಬ ಮೂರು ಪದಗಳಲ್ಲಿ ಮೂರು ತಿಂಗಳ ಕಷ್ಟ ಮುಗಿದುಹೋಗುತ್ತದೆ.

ಆಸೆ ಕುಂದುವುದು, ಶಕ್ತಿ ಉಡುಗುವುದು, ಕೆಲವರಿಗೆ ಎದೆ ಉಬ್ಬಿ ನೋಯುವುದು, ಜನನಾಂಗ ಕುಗ್ಗಿದಂತಾಗುವುದು ಇವೆಲ್ಲ ಈ ಚಿಕಿತ್ಸೆಯ ಪರಿಣಾಮಗಳ ಪಟ್ಟಿಯಲ್ಲಿ ಇರುವಂಥವೇ. ಇವು ಗಂಡಸುತನದ ಊನವಲ್ಲ, ಹೆಂಡತಿಯ ಮೇಲಿನ ಪ್ರೀತಿ ಬತ್ತಿದ ಗುರುತೂ ಅಲ್ಲ. ‘ಎಪ್ಪತ್ತರ ಪ್ರಾಯದಲ್ಲಿ ಅದೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಅದು ಬೇಕೋ ಬೇಡವೋ ಎಂಬ ತೀರ್ಮಾನ ಆ ದಂಪತಿಗೆ ಸೇರಿದ್ದು, ಊರಿಗಲ್ಲ. ಜೊತೆಯಲ್ಲಿ ಕೂತು ಕಾಫಿ ಕುಡಿಯುವುದು, ಕೈ ಹಿಡಿದು ನಡೆಯುವುದು, ಒಂದೇ ಕೋಣೆಯಲ್ಲಿ ಮಲಗುವುದು ಇವಕ್ಕೆ ಯಾವ ಹಾರ್ಮೋನೂ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಲೋಕಲ್ ಟ್ರೇನಿನ ಡಬ್ಬಿಗಳಲ್ಲಿ ಅಂಟಿಸುವ ‘ಗುಪ್ತ ರೋಗ’ದ ಚೀಟಿಗಳನ್ನು ನಂಬಿ ಶಕ್ತಿಯ ಟಾನಿಕ್, ಪುಡಿಗಳಿಗೆ ಕೈ ಹಾಕಬಾರದು. ಪುರುಷ ಹಾರ್ಮೋನು ಹೆಚ್ಚಿಸುವ ವಸ್ತು ಅದರಲ್ಲಿದ್ದರೆ ರೋಗಕ್ಕೇ ಆಹಾರ ಹಾಕಿದಂತೆ. ಹೃದ್ರೋಗಕ್ಕಾಗಿ ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ವಯಾಗ್ರದಂಥ ಮಾತ್ರೆ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ಮೆಲ್ಲಗೆ ಬರುವ ತೊಂದರೆಗಳು

ಬಿಸಿಯ ಅಲೆ ಕೂಡಲೇ ತಿಳಿಯುತ್ತದೆ, ಎಲುಬಿನ ಸವೆತ ತಿಳಿಯುವುದಿಲ್ಲ. ಪುರುಷ ಹಾರ್ಮೋನು ಇಳಿದಂತೆ ಎಲುಬು ಟೊಳ್ಳಾಗುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲೇ ಸವೆತ ಹೆಚ್ಚು. ಮಳೆಗಾಲದ ಜಾರುವ ಬಚ್ಚಲು, ರೈಲು ನಿಲ್ದಾಣದ ನೂಕುನುಗ್ಗಲು ಇರುವ ಈ ನಗರದಲ್ಲಿ ಸೊಂಟ ಮುರಿದರೆ ಗತಿಯೇನು? ಚಿಕಿತ್ಸೆ ಆರಂಭಿಸುವಾಗಲೇ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು. ರಾಗಿ, ಹಾಲು, ಮೊಸರು, ಮೀನು ತಿನ್ನುವವರಿಗೆ ಮುಳ್ಳಿನೊಡನೆ ತಿನ್ನಬಲ್ಲ ಬೂತಾಯಿ ಇವು ಒಳ್ಳೆಯವು. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಯ ಪ್ರಮಾಣವನ್ನು ವೈದ್ಯರು ಹೇಳಬೇಕು. ಎಲುಬು ಗಟ್ಟಿಗೊಳಿಸುವ ಬೇರೆ ಇಂಜೆಕ್ಷನ್ ಬೇಕಾದಲ್ಲಿ ಅದಕ್ಕೆ ಮೊದಲು ದಂತವೈದ್ಯರನ್ನು ಕಾಣುವುದು ಕಡ್ಡಾಯವೆಂದೇ ತಿಳಿಯಬೇಕು, ದವಡೆಯ ಎಲುಬಿಗೆ ಹಾನಿಯಾಗುವ ಸಂಭವ ಅದರಲ್ಲಿದೆ.

ಸ್ನಾಯು ಕರಗಿ ಹೊಟ್ಟೆ ಬರುವುದು ಇನ್ನೊಂದು ತೊಂದರೆ. ಈ ಬಗೆಯ ಇಂಜೆಕ್ಷನ್‌ಗಳಿಂದ ಸಕ್ಕರೆ ಕಾಯಿಲೆ, ಹೃದ್ರೋಗದ ಸಂಭವ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಎಚ್ಚರಿಕೆ ಸೇರಿಸುವಂತೆ ಮಾಡಿತು. ಆದುದರಿಂದ ಪಿಎಸ್‌ಎ ಒಂದನ್ನೇ ನೋಡಿ ಸಮಾಧಾನಪಟ್ಟರೆ ಸಾಲದು. ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡ, ತೂಕ ಇವೂ ಲೆಕ್ಕದಲ್ಲಿರಬೇಕು. ದಣಿವಾಗುತ್ತದೆಂದು ಮಲಗಿದಷ್ಟೂ ದಣಿವು ಹೆಚ್ಚುತ್ತದೆ. ಬೆಳಗಿನ ನಡಿಗೆ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ನೀರು ತುಂಬಿದ ಬಾಟಲಿ ಎತ್ತುವುದು ಇಷ್ಟಕ್ಕೆ ಜಿಮ್ಮಿನ ಫೀಸು ಬೇಕಿಲ್ಲ. ರೋಗ ಎಲುಬಿಗೆ ಹರಡಿದ್ದರೆ ಮಾತ್ರ ಯಾವ ವ್ಯಾಯಾಮ ಸುರಕ್ಷಿತವೆಂದು ಮೊದಲು ಕೇಳಿಕೊಳ್ಳಬೇಕು.

ಮನಸ್ಸಿನ ಮಾತೂ ಇದೆ. ಮರೆವು, ಸಿಡುಕು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು, ಟಿ.ವಿ. ನೋಡುತ್ತಾ ಕಣ್ಣು ತುಂಬುವುದು ಈ ಚಿಕಿತ್ಸೆಯಲ್ಲಿ ಕಾಣಬಹುದು. ಬದುಕೇ ಬೇಡವೆಂಬ ಯೋಚನೆ ಬಂದರೆ ಮುಂದಿನ ತಾರೀಕಿಗೆ ಕಾಯದೆ ವೈದ್ಯರಿಗೆ ಹೇಳಬೇಕು.

ಇನ್ನು ಎಲ್ಲವನ್ನೂ ಇಂಜೆಕ್ಷನ್‌ನ ತಲೆಗೆ ಕಟ್ಟುವುದೂ ಅಪಾಯ. ಎದೆನೋವು, ಉಸಿರುಗಟ್ಟುವುದು, ಮುಖ-ಗಂಟಲು ಊದುವುದು, ಬೆನ್ನುನೋವಿನೊಡನೆ ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ಇಳಿಯದ ಜ್ವರ ಇವು ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು.

ತಾರೀಕು ಮತ್ತು ಖರ್ಚು

ಠೇವಣಿ ಯಾವಾಗ ಪಕ್ವವಾಗುತ್ತದೆ, ವಿಮೆಯ ಕಂತು ಯಾವಾಗ ಎಂಬುದನ್ನು ನೆನಪಿಡುವ ಹಿರಿಯರು ಇಂಜೆಕ್ಷನ್‌ನ ದಿನವನ್ನೂ ಹಾಗೆಯೇ ಬರೆದಿಡಬೇಕು. ಪಾಸ್‌ಬುಕ್ಕಿನಂಥ ಸಣ್ಣ ಪುಸ್ತಕದಲ್ಲಿ ತಾರೀಕು, ಇಂಜೆಕ್ಷನ್‌ನ ಹೆಸರು, ಚುಚ್ಚಿದ ಜಾಗ, ಪಿಎಸ್‌ಎ, ತೂಕ, ಸಕ್ಕರೆ ಒಂದು ಕಡೆ. ಆಗುತ್ತಿರುವ ತೊಂದರೆಗಳು ಇನ್ನೊಂದು ಕಡೆ. ಕನ್ನಡದಲ್ಲೇ ಬರೆದರಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು, ಓದಬಲ್ಲವರಿಂದ ಹಿಂದಿಗೋ ಇಂಗ್ಲಿಷಿಗೋ ಮಾಡಿಸಿ ವೈದ್ಯರ ಮೇಜಿನ ಮೇಲಿಟ್ಟರೆ, ಹೊರಗೆ ನೂರು ಮಂದಿ ಕಾಯುತ್ತಿರುವ ಹೊತ್ತಿನಲ್ಲೂ ಅವರು ಒಂದು ನೋಟ ಹಾಯಿಸುತ್ತಾರೆ.

ಮದುವೆ, ಜಾತ್ರೆ, ನೇಮಗಳ ಸಮಯದಲ್ಲಿ ಊರಿಗೆ ಹೋಗುವವರು ತಾರೀಕು ನಡುವೆ ಬರುತ್ತದೆಯೇ ಎಂದು ಟಿಕೇಟು ಮಾಡುವ ಮೊದಲೇ ನೋಡಬೇಕು. ವೈದ್ಯರ ಪತ್ರವಿದ್ದರೆ ಮಂಗಳೂರು, ಮಣಿಪಾಲದ ಕಡೆಯೂ ಇಂಜೆಕ್ಷನ್ ತೆಗೆದುಕೊಳ್ಳಬಹುದು. ಖರ್ಚಿನ ಕಾರಣಕ್ಕೆ ದಿನ ಮುಂದೂಡುವವರು ಅದನ್ನೂ ಮುಚ್ಚಿಡಬಾರದು. ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ನೆರವಿನ ದಾರಿ ಕೇಳಬಹುದು. ವೃಷಣ ತೆಗೆಯುವ ಸಣ್ಣ ಶಸ್ತ್ರಕ್ರಿಯೆ ಒಮ್ಮೆ ಮಾಡಿಸಿದರೆ ಜೀವನಪರ್ಯಂತ ಇಂಜೆಕ್ಷನ್ ಬೇಕಾದವರಿಗೆ ಅದರ ಖರ್ಚು ಉಳಿಯುತ್ತದೆ. ಅದು ಹಿಂದಿರುಗಿಸಲಾಗದ ಕ್ರಮ, ಬಿಸಿಯ ಅಲೆ, ಎಲುಬಿನ ಸವೆತ ಅದರಲ್ಲೂ ಇರುತ್ತವೆ ಎಂದು ತಿಳಿದೇ ನಿರ್ಧರಿಸಬೇಕು. ‘ಇಂಜೆಕ್ಷನ್ ಎಷ್ಟು ಕಾಲ?’ ಎಂದು ಕೇಳುವುದೂ ರೋಗಿಯ ಹಕ್ಕು. ವಿಕಿರಣ ಚಿಕಿತ್ಸೆಯ ಜೊತೆ ಕೊಡುವಾಗ ಕೆಲವು ತಿಂಗಳಿಂದ ಎರಡು-ಮೂರು ವರ್ಷದ ಮಿತಿ ಇರುತ್ತದೆ, ರೋಗ ಹರಡಿದ್ದರೆ ಹೆಚ್ಚಾಗಿ ದೀರ್ಘಕಾಲ ಬೇಕಾಗುತ್ತದೆ. ಕೆಲವರಿಗೆ ನಡುವೆ ಬಿಡುವು ಕೊಡುವ ಪದ್ಧತಿಯೂ ಇದೆ. ಆ ಬಿಡುವನ್ನು ವೈದ್ಯರು ಕೊಡಬೇಕೇ ಹೊರತು ರೋಗಿ ತಾನಾಗಿ ತೆಗೆದುಕೊಳ್ಳಬಾರದು.

ಸಂಘಗಳು ಮಾಡಬಹುದಾದದ್ದು

‘ಇಂಥ ವಿಷಯ ಸಭೆಯಲ್ಲಿ ಆಡುವುದು ಮರ್ಯಾದೆಯಲ್ಲ’ ಎನ್ನುವ ಪದಾಧಿಕಾರಿಗಳು ಇರಬಹುದು. ಒಂದು ಕಾಲದಲ್ಲಿ ಕ್ಷಯ ರೋಗದ ಹೆಸರನ್ನೂ ಹೀಗೆಯೇ ಪಿಸುಗುಟ್ಟುತ್ತಿದ್ದರು. ಸ್ತನ ಕ್ಯಾನ್ಸರಿನ ಬಗ್ಗೆ ಸಮಾಜದ ಹೆಂಗಸರು ಮೈಕಿನಲ್ಲಿ ಮಾತಾಡುವ ಧೈರ್ಯ ತೋರಿಸಿದ್ದಾರೆ. ಗಂಡಸರು ಇಷ್ಟಕ್ಕೆ ಹಿಂಜರಿಯುವುದು ಸರಿಯೆನಿಸುವುದಿಲ್ಲ.

ದೊಡ್ಡ ಯೋಜನೆಯೇನೂ ಬೇಕಿಲ್ಲ. ಶಿಬಿರದ ದಿನ ಹಿರಿಯ ಗಂಡಸರಿಗಾಗಿ ಪ್ರತ್ಯೇಕ ಕೋಣೆಯಲ್ಲಿ ಒಂದು ಗಂಟೆ, ಕನ್ನಡ ಅಥವಾ ತುಳು ಬಲ್ಲ ಒಬ್ಬ ವೈದ್ಯರು, ಬರಲಿಚ್ಛಿಸುವ ಪತ್ನಿಯರಿಗೂ ಕುರ್ಚಿ ಇಷ್ಟಿದ್ದರೆ ಆರಂಭಕ್ಕೆ ಸಾಕು. ನಿವೃತ್ತರಾದ ಇಬ್ಬರು ಮೂವರು ಸದಸ್ಯರು ಆಸ್ಪತ್ರೆಗೆ ಜೊತೆ ಹೋಗಿ ದುಭಾಷಿಯಾಗಲು ಮುಂದೆ ಬಂದರೆ, ಮಗನೆದುರು ಹೇಳಲಾಗದ್ದನ್ನು ರೋಗಿ ಸಮಪ್ರಾಯದವರ ಮೂಲಕ ಹೇಳಬಲ್ಲ. ಇಂಜೆಕ್ಷನ್ ತೆಗೆದುಕೊಂಡು ವರ್ಷಗಳಿಂದ ಚೆನ್ನಾಗಿರುವ ಒಬ್ಬರು ಹೊಸಬರೊಡನೆ ಹತ್ತು ನಿಮಿಷ ಮಾತಾಡಿದರೆ ಅದರ ಬೆಲೆ ಕಟ್ಟಲಾಗದು. ವಾರ್ಷಿಕೋತ್ಸವದಲ್ಲಿ ಹಿರಿಯರಿಗೆ ಶಾಲು ಹೊದೆಸಿ, ಹಾರ ಹಾಕಿ, ಪೇಟ ತೊಡಿಸಿ ಸನ್ಮಾನಿಸುವವರು, ಆ ಶಾಲಿನಡಿ ಹಿರಿಯರು ಬೆವರುತ್ತಿರುವುದು ಏಕೆಂದು ಒಮ್ಮೆ ವಿಚಾರಿಸುವುದೂ ಸನ್ಮಾನವೇ.

ಶಿಬಿರದ ಕರಪತ್ರದಲ್ಲಿ ‘ಸಕ್ಕರೆ, ರಕ್ತದೊತ್ತಡ, ಕಣ್ಣು, ಹಲ್ಲು’ ಎಂದು ಪ್ರತಿವರ್ಷ ಅಚ್ಚಾಗುವ ಸಾಲಿನಲ್ಲಿ ‘ಪ್ರಾಸ್ಟೇಟ್’ ಎಂಬ ಒಂದು ಪದ ಸೇರಿಸಲು ಮುದ್ರಣಾಲಯದವರು ಹೆಚ್ಚು ಹಣ ಕೇಳುವುದಿಲ್ಲ. ಮುಂದಿನ ಶಿಬಿರದಿಂದಲೇ ಅದು ಆಗಲಿ.